ವೆಲಾಸ್ಕೆಸ್‌ನ ಪರೇಹಾ ನಕಲು ಮಾಡಿ ಎಣ್ಣೆಬಣ್ಣದ ಪೋರ್ಟ್ರೇಟ್ ಕಲಿಯಬಹುದಾ?

ಡೊಂಬಿವಲಿ_ಕುಂಚ

ಎಲ್ಲರಿಗೂ ನಮಸ್ಕಾರ. ಎಣ್ಣೆಬಣ್ಣದಲ್ಲಿ ಪೋರ್ಟ್ರೇಟ್ ಕಲಿಯಬೇಕು ಅಂತ ಬಹಳ ದಿನದಿಂದ ಆಸೆ. ಪೆನ್ಸಿಲ್‌ನಲ್ಲಿ ಮುಖ ಬರೆದರೆ ಯಾರದ್ದು ಅಂತ ಮನೆಯವರು ಗುರುತು ಹಿಡಿಯುತ್ತಾರೆ, ಜಲವರ್ಣವೂ ತಕ್ಕಮಟ್ಟಿಗೆ ಕೈಗೆ ಹತ್ತಿದೆ. ಎಣ್ಣೆಬಣ್ಣ ಮಾತ್ರ ಹೊಸದು. ಕ್ಲಾಸಿಗೆ ಸೇರೋಣ ಎಂದರೆ ನನಗೆ ಇಷ್ಟವಾದವೆಲ್ಲ ಫೋರ್ಟ್, ದಾದರ್ ಕಡೆ. ಆಫೀಸು ಮುಗಿಸಿ ಲೋಕಲ್‌ನಲ್ಲಿ ನಿಂತುಕೊಂಡೇ ಡೊಂಬಿವಲಿ ಸೇರುವಷ್ಟರಲ್ಲಿ ಮತ್ತೆಲ್ಲಿಗೂ ಹೋಗುವ ತ್ರಾಣ ಇರುವುದಿಲ್ಲ. ಮನೆ ಹತ್ತಿರದ ಒಂದು ಕ್ಲಾಸಿನಲ್ಲಿ ವಿಚಾರಿಸಿದೆ. ಮೊದಲು ಒಂದು ವರ್ಷ ಲ್ಯಾಂಡ್‌ಸ್ಕೇಪ್ ಮಾಡಿ, ಮುಖ ಎಲ್ಲ ಆಮೇಲೆ ಎಂದರು. ನನಗೆ ಮುಖವೇ ಬೇಕು.

ಹಾಗಾಗಿ ಬರೋಕ್ ಕಾಲದ, ಅಂದರೆ ಹದಿನೇಳನೇ ಶತಮಾನದ ಯುರೋಪಿನ, ಒಂದು ಒಳ್ಳೆಯ ಚಿತ್ರವನ್ನು ನಕಲು ಮಾಡುತ್ತಾ ಕಲಿಯೋಣ ಅಂದುಕೊಂಡಿದ್ದೇನೆ. ಯೂಟ್ಯೂಬ್ ತೆರೆದರೆ ಬಹಳ ಜನ ವರ್ಮೀರ್‌ನ ಮುತ್ತಿನ ಓಲೆಯ ಹುಡುಗಿಯನ್ನೇ ಮಾಡುತ್ತಿರುತ್ತಾರೆ. ಅದು ನನಗೂ ಇಷ್ಟ. ಆದರೆ ಮುಂದೆ ನಾನು ಬರೆಯಬೇಕಾದದ್ದು ನಮ್ಮ ಅಪ್ಪ, ಅತ್ತೆ, ಪಕ್ಕದ ಮನೆಯ ಅಜ್ಜಿ, ಇಂಥವರನ್ನು. ಎಲ್ಲರದ್ದೂ ಕಂದು ಮೈಬಣ್ಣ. ಅದಕ್ಕೇ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ಬರೆದ ತನ್ನ ಸಹಾಯಕ ಹ್ವಾನ್ ದೆ ಪರೇಹಾನ ಚಿತ್ರ ಆರಿಸಿಕೊಂಡೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅವರ ವೆಬ್‌ಸೈಟಿನಲ್ಲಿ ದೊಡ್ಡ ಫೋಟೊ ಉಚಿತವಾಗಿ ಸಿಗುತ್ತದೆ. ಆ ಮನುಷ್ಯ ನೋಡುವ ರೀತಿ ಇದೆಯಲ್ಲ, ಅದನ್ನು ಬಿಟ್ಟು ಬೇರೆ ಚಿತ್ರಕ್ಕೆ ಹೋಗಲು ಮನಸ್ಸೇ ಬರುತ್ತಿಲ್ಲ.

ಗೊತ್ತಾಗಬೇಕಾದದ್ದು ಇಷ್ಟು. ಇಡೀ ಚಿತ್ರ ಮಾಡಬೇಕಾ, ಮುಖ ಮಾತ್ರ ಸಾಕಾ? ಯಾವ ಯಾವ ಬಣ್ಣ ಕೊಳ್ಳಬೇಕು? ಒಂದೊಂದು ವೆಬ್‌ಸೈಟಿನಲ್ಲಿ ಚಿತ್ರದ ಬಣ್ಣ ಒಂದೊಂದು ಥರ ಇದೆ, ಯಾವುದನ್ನು ನಂಬುವುದು? ಮತ್ತೆ ನಮ್ಮದು ಒಂದೇ ಬೆಡ್‌ರೂಮಿನ ಮನೆ, ಮನೆಯಲ್ಲಿ ಮಗು ಇದೆ, ಮಳೆಗಾಲ ಬೇರೆ ಹತ್ತಿರ ಬಂತು. ಅನುಭವ ಇರುವವರು ದಯವಿಟ್ಟು ವಿವರವಾಗಿ ಹೇಳಿ.

ಮಾಟುಂಗಾ_ಹಳಬ

ತುಂಬಾ ಒಳ್ಳೆಯ ಆಯ್ಕೆ. ಓದಿ ಖುಷಿಯಾಯಿತು, ಅದಕ್ಕೇ ಕೂತು ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಕಲು ಮಾಡುವುದು ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬರೋಕ್ ಕಾಲದ ದೊಡ್ಡ ಚಿತ್ರಕಾರ ರೂಬೆನ್ಸ್ 1628-29ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಐವತ್ತು ದಾಟಿದ್ದ, ಯುರೋಪಿಗೆಲ್ಲ ಹೆಸರಾಗಿದ್ದ. ಆಗಲೂ ಅರಮನೆಯಲ್ಲಿದ್ದ, ಹಿಂದಿನ ಶತಮಾನದ ಇಟಲಿಯ ಚಿತ್ರಕಾರ ಟಿಷಿಯನ್‌ನ ಚಿತ್ರಗಳ ಮುಂದೆ ನಿಂತು ನಕಲು ಮಾಡಿದ. ಆಡಂ ಮತ್ತು ಈವ್ ಚಿತ್ರ ನೋಡಿ, ಟಿಷಿಯನ್‌ನದೂ ರೂಬೆನ್ಸ್‌ನದೂ ಎರಡೂ ಇವತ್ತು ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿವೆ. ರೂಬೆನ್ಸ್ ಆಡಂನನ್ನು ಮುಂದಕ್ಕೆ ಬಾಗಿಸಿದ, ಮರದ ಮೇಲೆ ಒಂದು ಗಿಳಿ ಕೂರಿಸಿದ. ಅಂದರೆ ಆತ ನಕಲು ಮಾಡುತ್ತಾ ಯೋಚಿಸುತ್ತಿದ್ದ. ಆಗ ಅದೇ ಅರಮನೆಯಲ್ಲಿ ಕೆಲಸಕ್ಕಿದ್ದ ತರುಣ ವೆಲಾಸ್ಕೆಸ್.

ಈಗ ನಿಮ್ಮ ವಿಷಯ. ಇಡೀ ಚಿತ್ರ ಬೇಡ. ಮೂಲ ಚಿತ್ರ ಸುಮಾರು 81 ಸೆಂಟಿಮೀಟರ್ ಎತ್ತರ, 70 ಅಗಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟೆ ಮತ್ತು ಹಿನ್ನೆಲೆ. ನೀವು ತಲೆ ಮತ್ತು ಕಾಲರ್ ಅಷ್ಟೇ ತೆಗೆದುಕೊಳ್ಳಿ. ತಲೆ ಹೆಚ್ಚುಕಡಿಮೆ ನಿಜವಾದ ತಲೆಯಷ್ಟೇ ಇದೆ, ಹಾಗಾಗಿ 12×16 ಇಂಚಿನ ಕ್ಯಾನ್ವಾಸ್ ಸಾಕು. ಮೂಲದ ಅಳತೆಗೇ ಮಾಡಿ. ಚಿಕ್ಕದು ಮಾಡಿದರೆ ಬ್ರಷ್ಷಿನ ಏಟು ಎಷ್ಟು ಅಗಲ ಇತ್ತು, ಎಲ್ಲಿ ನಿಂತಿತು ಅನ್ನುವುದೇ ಗೊತ್ತಾಗುವುದಿಲ್ಲ, ನಾವು ಕಲಿಯಬೇಕಾದದ್ದೇ ಅದು. ಫೋಟೊವನ್ನು ಮೂಲದ ಅಳತೆಗೆ ಪ್ರಿಂಟ್ ಹಾಕಿಸಿ ಕ್ಯಾನ್ವಾಸಿನ ಪಕ್ಕದಲ್ಲೇ ನಿಲ್ಲಿಸಿ. ಬಣ್ಣಕ್ಕೆ ಮ್ಯೂಸಿಯಂನ ಸ್ವಂತ ಫೋಟೊ ಒಂದನ್ನೇ ನಂಬಿ, ಬೇರೆಯದನ್ನು ನೋಡಲೇಬೇಡಿ. ಅದೂ ನೂರಕ್ಕೆ ನೂರು ಸರಿ ಇರುವುದಿಲ್ಲ. ಆದರೆ ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ ಎಷ್ಟು ಕಪ್ಪು, ಎಷ್ಟು ಬೆಚ್ಚಗೆ (ಅಂದರೆ ಕೆಂಪು-ಹಳದಿಯ ಕಡೆಗೆ) ಅನ್ನುವ ಸಂಬಂಧ ಸಿಕ್ಕರೆ ಸಾಕು.

ಬಣ್ಣ ಕಡಿಮೆ ಇರಲಿ. ಟೈಟೇನಿಯಂ ವೈಟ್, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಲೈಟ್ ರೆಡ್ ಇಲ್ಲವೇ ಬರ್ನ್ಟ್ ಸಿಯೆನ್ನಾ (ಕೆಂಗಂದು), ಒಂದು ಅಲಿಜರಿನ್ ಥರದ ಆಳವಾದ ಕೆಂಪು, ರಾ ಅಂಬರ್ (ಕಡುಗಂದು), ಐವರಿ ಬ್ಲ್ಯಾಕ್. ಮೊದಲ ಚಿತ್ರಕ್ಕೆ ನೀಲಿಯ ಟ್ಯೂಬ್ ಬೇಡ. ಐವರಿ ಬ್ಲ್ಯಾಕ್‌ಗೆ ಬಿಳಿ ಸೇರಿಸಿ ಓಕರ್ ಪಕ್ಕ ಇಟ್ಟು ನೋಡಿ, ನೀಲಿ ಅನ್ನಿಸುತ್ತದೆ. ಅದೇ ಕಪ್ಪಿಗೆ ಓಕರ್ ಸೇರಿಸಿದರೆ ಹಸಿರು. ಪರೇಹಾನ ಹಿಂದಿರುವ ಆ ಬೂದು-ಹಸಿರು ಹಿನ್ನೆಲೆ ಇದರಲ್ಲೇ ಬಂದುಬಿಡುತ್ತದೆ.

ಕ್ಯಾನ್ವಾಸನ್ನು ಬಿಳಿ ಇರುವಾಗ ಮುಟ್ಟಬೇಡಿ. ಅಂಬರ್‌ಗೆ ಚೂರು ಬಿಳಿ, ಚೂರು ಕಪ್ಪು ಸೇರಿಸಿ ತೆಳ್ಳಗೆ ಬೂದು-ಕಂದು ಬಣ್ಣ ಬಳಿದು ಒಣಗಿಸಿ. ಬೇಗ ಆಗಬೇಕೆಂದರೆ ಈ ಪದರಕ್ಕೆ ಆಕ್ರಿಲಿಕ್ ಬಳಸಬಹುದು. ಆಕ್ರಿಲಿಕ್ ಮೇಲೆ ಎಣ್ಣೆ ನಡೆಯುತ್ತದೆ, ಎಣ್ಣೆ ಮೇಲೆ ಆಕ್ರಿಲಿಕ್ ನಡೆಯುವುದಿಲ್ಲ. ಆಮೇಲೆ ಅಂಬರ್ ಒಂದರಲ್ಲೇ ಮುಖದ ನೆರಳುಗಳನ್ನು ಹಾಕಿ. ಕಣ್ಣಿನ ಗುಳಿ, ಮೂಗಿನ ಕೆಳಗೆ, ತುಟಿಯ ಕೆಳಗೆ, ಗಡ್ಡ, ಕೂದಲು. ಈ ಹಂತದಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಆ ಮನುಷ್ಯ ಕಾಣಿಸಬೇಕು. ಕಾಣಿಸದಿದ್ದರೆ ಬಣ್ಣ ಹಚ್ಚಿ ಪ್ರಯೋಜನ ಇಲ್ಲ, ಒರೆಸಿ ಮತ್ತೆ ಹಾಕಿ. ಎಣ್ಣೆಬಣ್ಣದ ದೊಡ್ಡ ಅನುಕೂಲವೇ ಇದು, ಒರೆಸಬಹುದು.

ಇನ್ನು ಕಂದು ಮೈಬಣ್ಣ. ನಮ್ಮಲ್ಲಿ ಬಹಳ ಜನ ಮಾಡುವುದು ಏನೆಂದರೆ, ಒಂದು ಕಂದು ಬಣ್ಣ ಕಲಸಿಟ್ಟುಕೊಂಡು ಬೆಳಕಿಗೆ ಬಿಳಿ ಸೇರಿಸುತ್ತಾರೆ, ನೆರಳಿಗೆ ಕಪ್ಪು ಸೇರಿಸುತ್ತಾರೆ. ಆಗ ಬೆಳಕಿನ ಭಾಗ ಗೋಡೆಗೆ ಸುಣ್ಣ ಬಳಿದ ಹಾಗೆ ಆಗುತ್ತದೆ, ನೆರಳು ಸತ್ತುಹೋಗುತ್ತದೆ. ಪರೇಹಾನ ಮುಖವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಹಣೆಯ ಮೇಲೆ ಬೆಳಕು ಬಿದ್ದ ಜಾಗ ಬರೀ ತಿಳಿಗಂದು ಅಲ್ಲ, ಸ್ವಲ್ಪ ತಣ್ಣಗಿದೆ (ನೀಲಿ-ಬೂದಿನ ಕಡೆಗೆ), ಚರ್ಮಕ್ಕೆ ಎಣ್ಣೆಯ ಹೊಳಪು ಇದ್ದಾಗ ಹಾಗೇ ಕಾಣುವುದು. ಬೆಳಕಿನಿಂದ ನೆರಳಿಗೆ ಇಳಿಯುವ ಅಂಚಿನಲ್ಲಿ ಬೂದು-ಹಸಿರಿನ ಛಾಯೆ. ಕೆನ್ನೆ, ಮೂಗು, ತುಟಿ ಇರುವಲ್ಲಿ ಕೆಂಪು. ನೆರಳು ತೆಳ್ಳಗೆ, ಬೆಚ್ಚಗೆ, ಒಳಗಿನ ಪದರ ಕಾಣುವ ಹಾಗೆ ಬಿಟ್ಟದ್ದು. ಬೆಳಕು ಇರುವಲ್ಲಿ ಮಾತ್ರ ಬಣ್ಣ ದಪ್ಪ. ನೆರಳಿಗೆ ಬಿಳಿ ಮುಟ್ಟಿಸಬೇಡಿ, ಇದೊಂದನ್ನು ಪಾಲಿಸಿದರೆ ಅರ್ಧ ಕೆಲಸ ಆದ ಹಾಗೆ.

ಕೂದಲು ನೋಡಿ. ಒಂದೊಂದು ಎಳೆ ಎಲ್ಲೂ ಬರೆದಿಲ್ಲ. ಕಪ್ಪು ರಾಶಿ, ಅದರ ಹೊರ ಅಂಚು ಹಿನ್ನೆಲೆಯ ಒಳಗೆ ಕರಗಿದೆ. ಎರಡೂ ಹಸಿ ಇರುವಾಗಲೇ ಒಣ ಬ್ರಷ್ಷಿನಿಂದ ಅಂಚನ್ನು ಒಮ್ಮೆ ಸವರಿದರೆ ಹಾಗೆ ಬರುತ್ತದೆ. ಕಾಲರ್‌ನ ಲೇಸ್ ಕೂಡ ಅಷ್ಟೇ. ದೂರದಿಂದ ಎಷ್ಟು ನಾಜೂಕು, ಹತ್ತಿರ ಹೋದರೆ ಬೂದು ಬಣ್ಣದ ಮೇಲೆ ದಪ್ಪ ಬಿಳಿಯ ಕೆಲವು ಏಟುಗಳು, ಅಷ್ಟೇ. ಅದನ್ನು ಸಣ್ಣ ಬ್ರಷ್ಷಿನಿಂದ ಕಸೂತಿ ಮಾಡಲು ಹೋಗಬೇಡಿ. ಆತ ಎಷ್ಟು ಏಟಿನಲ್ಲಿ ಮುಗಿಸಿದ ಅಂತ ಎಣಿಸಿ, ಅಷ್ಟೇ ಏಟಿನಲ್ಲಿ ಮುಗಿಸಲು ನೋಡಿ.

ರೇಖೆ_ಮೊದಲು

ಮೇಲಿನವರು ಹೇಳಿದ ಕೆಲಸದ ಕ್ರಮಕ್ಕೆ ನನ್ನ ತಕರಾರಿಲ್ಲ. ಆದರೆ ಫೋಟೊ ನೋಡಿ ನಕಲು ಮಾಡುವುದರಿಂದ ಶುರು ಮಾಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈ ಪರೇಹಾ ಚಿತ್ರ ಹುಟ್ಟಿದ್ದು ಹೇಗೆ ಗೊತ್ತಾ? ವೆಲಾಸ್ಕೆಸ್ ಆಗ ರೋಮಿನಲ್ಲಿದ್ದ. ಪೋಪ್ ಹತ್ತನೇ ಇನೊಸೆಂಟ್‌ನ ಭಾವಚಿತ್ರ ಬರೆಯಬೇಕಿತ್ತು. ಅದಕ್ಕೆ ಮೊದಲು ಜೀವಂತ ತಲೆಯೊಂದನ್ನು ಬರೆದು ಕೈ ಪಳಗಿಸಿಕೊಳ್ಳಲು ಈ ಚಿತ್ರ ಮಾಡಿದ ಅಂತ ಆತನ ಜೀವನ ಬರೆದ ಪಾಲೊಮಿನೊ ಹೇಳುತ್ತಾನೆ. ಕೈ ಪಳಗಿಸಲು ಬೇರೆಯವರ ಚಿತ್ರ ಮುಂದಿಟ್ಟುಕೊಳ್ಳಲಿಲ್ಲ, ಎದುರಿಗೆ ಮನುಷ್ಯನನ್ನು ನಿಲ್ಲಿಸಿಕೊಂಡ. ನಿಂತವನು ಅವನ ಮನೆಯ ಗುಲಾಮ, ಕೆಲಸದಲ್ಲಿ ಸಹಾಯಕ. ಅದೇ 1650ರಲ್ಲಿ ಬಿಡುಗಡೆಯ ಪತ್ರಕ್ಕೆ ವೆಲಾಸ್ಕೆಸ್ ಸಹಿ ಹಾಕಿದ, ಅದು ಜಾರಿಗೆ ಬರಲು ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕು ಎಂಬ ಷರತ್ತಿನ ಮೇಲೆ. ಆಮೇಲೆ ಪರೇಹಾ ತಾನೇ ಚಿತ್ರಕಾರನಾದ. ಅವನ 1661ರ ಒಂದು ದೊಡ್ಡ ಚಿತ್ರ ಪ್ರಾಡೊದಲ್ಲಿದೆ, ಸಂತ ಮ್ಯಾಥ್ಯೂವನ್ನು ಕ್ರಿಸ್ತ ಕರೆಯುವ ದೃಶ್ಯ. ಅದರ ಎಡಗಡೆ ಅವನು ತನ್ನನ್ನೇ ಬರೆದುಕೊಂಡಿದ್ದಾನೆ, ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದಾನೆ. ನಿಮಗೆ ಆ ಮುಖ ಅಷ್ಟು ಇಷ್ಟ ಅಂದಮೇಲೆ ಅದನ್ನೂ ನೋಡಲೇಬೇಕು.

ನನ್ನ ಮಾತು ಇಷ್ಟೇ. ಫೋಟೊದಲ್ಲಿ ಎಲ್ಲ ಪ್ರಶ್ನೆಗೂ ಯಾರೋ ಆಗಲೇ ಉತ್ತರ ಬರೆದಿಟ್ಟಿರುತ್ತಾರೆ. ಮೂಗು ಎಲ್ಲಿ ತಿರುಗುತ್ತದೆ, ಯಾವ ಅಂಚು ಬಿಡಬೇಕು, ಯಾವುದು ಮುಖ್ಯ, ಎಲ್ಲ ತೀರ್ಮಾನ ಆಗಿದೆ. ಎದುರಿಗೆ ಮನುಷ್ಯ ಕೂತಾಗ ಆ ತೀರ್ಮಾನ ನಾವೇ ಮಾಡಬೇಕು. ಬರೀ ನಕಲು ಮಾಡಿ ಕೈ ತಿದ್ದಿಕೊಂಡವರು ಮನುಷ್ಯ ಕೂತಾಗ ಕಂಗಾಲಾಗುವುದನ್ನು ನಾನು ಕಂಡಿದ್ದೇನೆ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಹಿಂದೆ ಪ್ಲಾಸ್ಟರ್ ಮೂರ್ತಿಗಳನ್ನು ಮುಂದಿಟ್ಟು ಬರೆಸುತ್ತಿದ್ದರು, ಆಮೇಲೆ ಮಾಡೆಲ್. ನಮ್ಮ ಉಡುಪಿ ಕಡೆಯ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಅಲ್ಲೇ ಕಲಿತು ಅಲ್ಲೇ ಪಾಠವನ್ನೂ ಮಾಡಿದವರು. ಅವರ ರೇಖೆ ನೋಡಿ, ಕುಣಿಯುವವರ ಕಾಲು ಒಂದೇ ಗೆರೆಯಲ್ಲಿ ಬರುತ್ತದೆ. ಜೀವಂತ ಮೈ ನೋಡಿ ನೋಡಿ ಬಂದ ರೇಖೆ ಅದು.

ಮನೆಯಲ್ಲಿ ಕನ್ನಡಿ ಇದೆ ಅಲ್ವಾ? ಕಿಟಕಿ ಪಕ್ಕ ಕನ್ನಡಿ ಇಟ್ಟು ನಿಮ್ಮ ಮುಖವನ್ನೇ ಬರೆಯಿರಿ. ಮಾಡೆಲ್‌ಗೆ ಕಾಸು ಕೊಡಬೇಕಿಲ್ಲ, ಯಾವಾಗ ಬೇಕಾದರೂ ಸಿಗುತ್ತಾರೆ.

ಕೊತ್ರೂಡ್_ಎಣ್ಣೆಬಣ್ಣ

ನಾನು ಪುಣೆಯಿಂದ. ಸಾಮಾನಿನ ಬಗ್ಗೆ, ಅದಕ್ಕಿಂತ ಜಾಸ್ತಿ ಸುರಕ್ಷತೆಯ ಬಗ್ಗೆ ಹೇಳುತ್ತೇನೆ. ಮನೆಯಲ್ಲಿ ಮಗು ಇದೆ ಅಂದಿರಿ.

ಮೊದಲು ಅಗಸೆ ಎಣ್ಣೆ, ಅಂದರೆ ಎಣ್ಣೆಬಣ್ಣದಲ್ಲಿ ಇರುವ ಎಣ್ಣೆ, ಮುಟ್ಟಿದ ಬಟ್ಟೆ. ಈ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಡಬ್ಬದಲ್ಲೋ ಮೂಲೆಯಲ್ಲೋ ಹಾಕಿದರೆ ಶಾಖ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಇದು ಸುಮ್ನೆ ಹೆದರಿಸುವ ಮಾತಲ್ಲ, ಹೀಗೆ ಬೆಂಕಿ ಬಿದ್ದದ್ದು ಉಂಟು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಇಲ್ಲವೇ ಬಾಲ್ಕನಿಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ ಒಣಗಿಸಿ.

ಎರಡನೆಯದು ಟರ್ಪೆಂಟೈನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಚ್ಚುವ ಬಣ್ಣಕ್ಕೆ ಕೊಡುವ ಥಿನ್ನರ್ ಬೇಡವೇ ಬೇಡ. ಸಣ್ಣ ಮನೆಯಲ್ಲಿ ಒಳ್ಳೆಯ ಟರ್ಪೆಂಟೈನ್ ಕೂಡ ಕಷ್ಟ, ತಲೆನೋವು ಬರುತ್ತದೆ. ಅದಿಲ್ಲದೆಯೇ ಕೆಲಸ ನಡೆಯುತ್ತದೆ. ಬ್ರಷ್ಷನ್ನು ಮೊದಲು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಯಾವುದಾದರೂ ಅಡುಗೆ ಎಣ್ಣೆಯಲ್ಲಿ ಅದ್ದಿ ಒರೆಸಿ, ಕೊನೆಗೆ ಸೋಪು ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಡುಗೆ ಎಣ್ಣೆ ತೊಳೆಯಲು ಮಾತ್ರ, ಬಣ್ಣಕ್ಕೆ ಬೆರೆಸಬೇಡಿ, ಹಲವು ಅಡುಗೆ ಎಣ್ಣೆಗಳು ಒಣಗುವುದೇ ಇಲ್ಲ. ಸೋಪಿನ ಚೂರೂ ಉಳಿಯದ ಹಾಗೆ ತೊಳೆದು ಒಣಗಿಸಿಟ್ಟುಕೊಳ್ಳಿ.

ಬರೋಕ್ ಕಾಲದವರು ಬಳಸಿದ್ದು ಸೀಸದ ಬಿಳಿ. ಅದರ ಗುಣ ಚೆನ್ನ, ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ, ಪದರ ಬಲವಾಗಿರುತ್ತದೆ. ಆದರೆ ಸೀಸ ವಿಷ, ಮಗು ಇರುವ ಮನೆಗೆ ತರಬೇಡಿ. ಟೈಟೇನಿಯಂ ವೈಟ್ ತುಂಬಾ ಜೋರು, ಒಂದು ಚೂರು ಬಿದ್ದರೂ ಬಣ್ಣ ತಣ್ಣಗಾಗಿ ಮಂಕಾಗುತ್ತದೆ. ಹಾಗಾಗಿ ಮೈಬಣ್ಣಕ್ಕೆ ಬಿಳಿಯನ್ನು ನೇರವಾಗಿ ಹಾಕದೆ, ಮೊದಲೇ ಬಿಳಿಗೆ ಸ್ವಲ್ಪ ಓಕರ್ ಕಲಸಿಟ್ಟುಕೊಂಡು ಅದನ್ನು ಬಳಸಿ.

ಬಣ್ಣಕ್ಕೆ ಕ್ಯಾಮೆಲ್‌ನ ಆರ್ಟಿಸ್ಟ್ ಆಯಿಲ್ ಸಾಕು, ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಜಾಸ್ತಿ ಟ್ಯೂಬ್ ಕೊಳ್ಳುವ ಬದಲು ಬ್ರಷ್ಷಿಗೆ ಕಾಸು ಹಾಕಿ. ಎರಡು ಮೂರು ಚಪ್ಪಟೆ ಹಾಗ್ ಬ್ರಷ್ (ಹಂದಿ ಕೂದಲಿನ ಗಡಸು ಬ್ರಷ್), ಒಂದು ಮೃದುವಾದ ದುಂಡು ಬ್ರಷ್. ಅಗ್ಗದ ರೆಡಿಮೇಡ್ ಕ್ಯಾನ್ವಾಸ್ ಕೆಲವು ಎಣ್ಣೆಯನ್ನು ಎಳೆದುಕೊಂಡುಬಿಡುತ್ತವೆ, ಕಪ್ಪು ಜಾಗ ಎಲ್ಲ ಮಂಕಾಗುತ್ತದೆ. ಇನ್ನೊಂದು ಕೋಟ್ ಗೆಸ್ಸೊ (ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಹಚ್ಚುವ ಬಿಳಿ ಪ್ರೈಮರ್) ಹಚ್ಚಿ, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರ್ ಸವರಿ. ಆದರೂ ಮಂಕಾದರೆ, ಆ ಪದರ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಒಂದು ಹನಿ ಅಗಸೆ ಎಣ್ಣೆ ಬೆರಳಿನಿಂದ ತೆಳ್ಳಗೆ ತಿಕ್ಕಿ, ಜಾಸ್ತಿಯಾದದ್ದನ್ನು ಒರೆಸಿ ತೆಗೆದು ಮುಂದುವರಿಸಿ.

ಮಳೆಗಾಲದಲ್ಲಿ ಒಣಗುವುದು ನಿಧಾನ. ಅಂಬರ್ ಬೇಗ ಒಣಗುತ್ತದೆ, ಅದರಲ್ಲಿ ಮ್ಯಾಂಗನೀಸ್ ಇದೆ. ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ದಿನಗಟ್ಟಲೆ ಹಸಿಯಾಗಿರುತ್ತವೆ. ಹಾಗಾಗಿ ಕೆಳಗಿನ ಪದರಕ್ಕೆ ಕಪ್ಪಿನ ಬದಲು ಅಂಬರ್ ಬಳಸಿ, ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಸ್ವಲ್ಪ ಜಾಸ್ತಿ. ಉಲ್ಟಾ ಆದರೆ ಮುಂದೆ ಬಿರುಕು ಬಿಡುತ್ತದೆ. ಒದ್ದೆ ಗೋಡೆಗೆ ಒರಗಿಸಿಡಬೇಡಿ, ಹಿಂದಿನಿಂದ ಬೂಸ್ಟು ಹಿಡಿಯುತ್ತದೆ. ಕತ್ತಲೆ ಕಪಾಟಿನಲ್ಲೂ ಬೇಡ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿ ತಿರುಗುತ್ತದೆ. ವಾರ್ನಿಶ್ ಅಂತೂ ಮಳೆಗಾಲದಲ್ಲಿ ಮುಟ್ಟಲೇಬೇಡಿ, ಬಿಳಿ ಮಬ್ಬು ಕೂತುಬಿಡುತ್ತದೆ. ಹೇಗೂ ಆರು ತಿಂಗಳಾದರೂ ಕಾಯಬೇಕು.

ಮಡಗಾಂವ್_ಮಳೆ

ಇಷ್ಟು ಒಳ್ಳೆಯ ಚರ್ಚೆ ನಡೆಯುತ್ತಿದೆ, ಒಂದು ಮಾತು ಯಾರೂ ಹೇಳಲಿಲ್ಲ. ಫೋಟೊ ಬಿಟ್ಟು ನಿಜವಾದ ಎಣ್ಣೆಚಿತ್ರ ನೋಡಬೇಕು. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನುವುದು ಫೋಟೊದಲ್ಲಿ ಅರ್ಧ ಮುಚ್ಚಿಹೋಗುತ್ತದೆ.

ಮುಂಬೈಯಲ್ಲಿ ನಿಮಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇದೆ. ರತನ್ ಟಾಟಾ, ದೊರಾಬ್ ಟಾಟಾ ಸಹೋದರರ ಸಂಗ್ರಹದಿಂದ ಬಂದ ಯುರೋಪಿನ ಹಳೆಯ ಎಣ್ಣೆಚಿತ್ರಗಳು ಅಲ್ಲಿವೆ. ಎದುರಿಗೆ ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬೆಳಕು ಬಣ್ಣದ ಮೇಲೆ ಜಾರುತ್ತದೆ, ಆಗ ಉಬ್ಬಿದ ಜಾಗ ಎಲ್ಲ ಎದ್ದು ಕಾಣುತ್ತದೆ. ಸಣ್ಣ ಪುಸ್ತಕದಲ್ಲಿ ಅದನ್ನಷ್ಟೇ ಗುರುತು ಮಾಡಿಕೊಳ್ಳಿ.

ಗೋವಾಕ್ಕೆ ಬಂದರೆ ಪಣಜಿಯ ಫೊಂತೈನ್ಯಾಸ್ ಬಡಾವಣೆಯಲ್ಲಿ ಫುಂಡಸಾವ್ ಓರಿಯೆಂತೆ ಎಂಬ ಪೋರ್ಚುಗೀಸ್ ಸಂಸ್ಥೆಯ ಮನೆಗೆ ಹೋಗಿ. ಅಲ್ಲಿ ಚಿತ್ರಕಾರ ಆಂಟೊನಿಯೊ ಷೇವಿಯರ್ ತ್ರಿಂದಾದೆಯ ಚಿತ್ರಗಳಿವೆ. 1870ರಲ್ಲಿ ಗೋವಾದಲ್ಲಿ ಹುಟ್ಟಿ, ಜೆ.ಜೆ.ಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ಗೆ ಹೋಲಿಸಿ, ಪೂರ್ವದ ರೆಂಬ್ರಾಂಟ್ ಅಂತ ಅವರನ್ನು ಕರೆಯುತ್ತಿದ್ದರು. ತಮ್ಮ ಹೆಂಡತಿಯನ್ನು, ಮಕ್ಕಳನ್ನು, ಸುತ್ತಮುತ್ತಲಿನ ಸಾಮಾನ್ಯ ಜನರನ್ನು ಬರೆದಿದ್ದಾರೆ. ನೀವು ಕೇಳಿದ ಪ್ರಶ್ನೆಗೆ, ಅಂದರೆ ಯುರೋಪಿನ ಎಣ್ಣೆಬಣ್ಣದಲ್ಲಿ ನಮ್ಮ ಮೈಬಣ್ಣ ಹೇಗೆ ತರುವುದು ಅನ್ನುವುದಕ್ಕೆ, ಇದಕ್ಕಿಂತ ಒಳ್ಳೆಯ ಉತ್ತರ ಈ ಕರಾವಳಿಯಲ್ಲಿ ನನಗೆ ಕಂಡಿಲ್ಲ. ಸೀರೆಯ ಪಕ್ಕ ಕಂದು ಕೈ ಇಟ್ಟಿರುವ ರೀತಿ ನೋಡಿ, ಕೈಯ ನೆರಳಿಗೆ ಸೀರೆಯ ಬಣ್ಣ ಹೇಗೆ ಇಳಿದಿದೆ ಅಂತ ಹುಡುಕಿ.

ಇನ್ನೊಂದು. ಪರೇಹಾಗೆ ಕೈ ಹಾಕುವ ಮೊದಲು ಮಳೆಗಾಲದಲ್ಲಿ ಚಿಕ್ಕದೊಂದು ಮಾಡಬೇಕು ಅನ್ನಿಸಿದರೆ ರೆಂಬ್ರಾಂಟ್ ಸುಮಾರು 1628ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರ ಇದೆ, ಆಮ್‌ಸ್ಟರ್‌ಡ್ಯಾಂನ ರೈಕ್ಸ್ ಮ್ಯೂಸಿಯಂನಲ್ಲಿ. 22.6×18.7 ಸೆಂಟಿಮೀಟರ್, ಒಂದು ನೋಟ್‌ಬುಕ್ಕಿನಷ್ಟೇ. ಇಪ್ಪತ್ತೆರಡರ ಆಸುಪಾಸಿನ ಹುಡುಗ. ಬೆಳಕು ಕತ್ತಿನ ಮೇಲೆ, ಕಿವಿಯ ತುದಿ ಮತ್ತು ಒಂದು ಕೆನ್ನೆಯ ಮೇಲೆ ಬಿದ್ದಿದೆ. ಕಣ್ಣು ಎರಡೂ ನೆರಳಿನಲ್ಲಿ, ಆದರೂ ನೋಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಗುಂಗುರು ಕೂದಲನ್ನು ಬರೆದಿಲ್ಲ, ಹಸಿ ಬಣ್ಣದ ಮೇಲೆ ಬ್ರಷ್ಷಿನ ಹಿಂದಿನ ತುದಿಯಿಂದ ಗೀರಿದ್ದಾನೆ, ಕೆಳಗಿನ ತಿಳಿ ಬಣ್ಣ ಎಳೆ ಎಳೆಯಾಗಿ ಹೊರಗೆ ಬಂದಿದೆ. ಅದನ್ನು ನಿಮ್ಮ ಕೈಯಲ್ಲಿ ಒಮ್ಮೆ ಗೀರಿ ನೋಡಿ, ಎಣ್ಣೆಬಣ್ಣ ಅಂದರೆ ಏನು ಅಂತ ಬೆರಳಿಗೇ ತಿಳಿಯುತ್ತದೆ.

ಡೊಂಬಿವಲಿ_ಕುಂಚ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಬಟ್ಟೆಗೆ ಬೆಂಕಿ ಹತ್ತುವ ವಿಷಯ ಗೊತ್ತೇ ಇರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಪರೇಹಾ ತಾನೇ ಬರೆದ ಚಿತ್ರವನ್ನೂ ಹುಡುಕಿ ನೋಡಿದೆ. ವೆಲಾಸ್ಕೆಸ್‌ನ ಚಿತ್ರಕ್ಕಿಂತ ಅಲ್ಲಿ ಅವನ ಮುಖ ತೆಳ್ಳಗೆ, ಮೈಬಣ್ಣ ತಿಳಿಯಾಗಿ ಕಾಣುತ್ತದೆ, ಅಲ್ವಾ? ನೋಡಿದಾಗಿನಿಂದ ಅದೇ ತಲೆಯಲ್ಲಿದೆ.

ರೇಖೆ_ಮೊದಲು ಅವರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು, ಕನ್ನಡಿಯೂ ಇಡುತ್ತೇನೆ. ಆದರೆ ಎಣ್ಣೆಬಣ್ಣ ಹೇಗೆ ಓಡುತ್ತದೆ ಅಂತಲೇ ಗೊತ್ತಿಲ್ಲದಾಗ ಎದುರಿಗೆ ಮನುಷ್ಯ ಕೂತರೆ ಎರಡೂ ಕಷ್ಟ ಒಟ್ಟಿಗೆ ಬರುವುದಿಲ್ಲವಾ? ನಕಲಿನಲ್ಲಿ ಕೊನೇ ಪಕ್ಷ ಒಂದು ಕಷ್ಟ ಕಡಿಮೆ.

ಇನ್ನೆರಡು ಪ್ರಶ್ನೆ. ಪ್ರಿಂಟಿನ ಮೇಲೂ ಕ್ಯಾನ್ವಾಸಿನ ಮೇಲೂ ಚೌಕ ಹಾಕಿ ರೇಖಾಚಿತ್ರ ಇಳಿಸಿಕೊಂಡರೆ ತಪ್ಪಾ? ಮತ್ತೆ ನಕಲು ಮುಗಿಯಿತು ಅಂತ ಯಾವಾಗ ನಿಲ್ಲಿಸಬೇಕು?

ರೇಖೆ_ಮೊದಲು

ಎರಡು ಕಷ್ಟ ಒಟ್ಟಿಗೆ ಅನ್ನುವುದು ನ್ಯಾಯವಾದ ಮಾತು, ಒಪ್ಪುತ್ತೇನೆ. ಹಾಗಾದರೆ ಎರಡನ್ನೂ ಅಕ್ಕಪಕ್ಕ ನಡೆಸಿ. ಪರೇಹಾನ ಮೂಗು ಬರೆದ ವಾರ ಮನೆಯಲ್ಲಿ ಯಾರದ್ದಾದರೂ ಮೂಗು ಮಾತ್ರ ಬರೆಯಿರಿ, ಅದೇ ಬಣ್ಣ, ಅದೇ ಬ್ರಷ್, ಪೋಸ್ಟ್‌ಕಾರ್ಡ್ ಅಳತೆಯ ಕ್ಯಾನ್ವಾಸ್ ಪೇಪರ್ ಸಾಕು. ಕಣ್ಣು ಬರೆದ ವಾರ ಕಣ್ಣು. ನಕಲು ಮುಗಿಯುವವರೆಗೆ ಕಾಯಬೇಡಿ ಅನ್ನುವುದಷ್ಟೇ ನನ್ನ ಹಟ.

ಚೌಕದ ಬಗ್ಗೆ: ನಿಮಗೆ ಪೆನ್ಸಿಲ್ ಬರುತ್ತದೆ ಅಂದಮೇಲೆ ಚೌಕ ಬೇಡ ಅಂತಲೇ ನಾನು ಹೇಳುವುದು. ಕಣ್ಣಳತೆಯಲ್ಲಿ ಬರೆದು, ಆಮೇಲೆ ಕನ್ನಡಿಯಲ್ಲಿ ಎರಡನ್ನೂ ತಿರುಗಿಸಿ ನೋಡಿ ತಿದ್ದಿ.

ಮಾಟುಂಗಾ_ಹಳಬ

ಚೌಕದ ವಿಷಯದಲ್ಲಿ ನಾನು ಸ್ವಲ್ಪ ಬೇರೆ. ಈ ನಕಲಿನಿಂದ ನೀವು ಕಲಿಯಬೇಕಾದದ್ದು ಬಣ್ಣ, ರೇಖೆಯಲ್ಲ. ಬರೀ ಐದಾರು ಗುರುತಿಗೆ ಅಳತೆ ಇಳಿಸಿಕೊಳ್ಳಿ: ತಲೆಯ ತುದಿ, ಗದ್ದ, ಎರಡು ಕಣ್ಣಿನ ಮೂಲೆ, ಮೂಗಿನ ಬುಡ, ಬಾಯಿಯ ಗೆರೆ. ಮಿಕ್ಕದ್ದು ಕಣ್ಣಳತೆ. ತುಂಬಾ ಚೌಕ ಹಾಕಿದರೆ ಒಂದೊಂದು ಚೌಕವನ್ನೂ ಬೇರೆ ಬೇರೆ ಚಿತ್ರದ ಹಾಗೆ ತುಂಬುತ್ತಾ ಹೋಗುತ್ತೀರಿ, ತಲೆ ಒಂದೇ ದುಂಡು ಅನ್ನುವುದು ಮರೆತುಹೋಗುತ್ತದೆ. ರೇಖೆ_ಮೊದಲು ಅವರು ಹೇಳಿದ ಅಕ್ಕಪಕ್ಕದ ಉಪಾಯ ಮಾತ್ರ ಬಹಳ ಚೆನ್ನಾಗಿದೆ, ಅದನ್ನು ಬಿಡಬೇಡಿ.

ಯಾವಾಗ ನಿಲ್ಲಿಸಬೇಕು? ಪ್ರಿಂಟನ್ನು ತಿರುಗಿಸಿಟ್ಟರೂ ನಿಮ್ಮ ಚಿತ್ರದಲ್ಲಿ ಮುಂದಿನ ಏಟು ಎಲ್ಲಿ ಅಂತ ಹೊಳೆಯುತ್ತಿದ್ದರೆ ಮುಂದುವರಿಸಿ. ಪ್ರಿಂಟಿನ ಚುಕ್ಕೆಗೆ ಚುಕ್ಕೆ ಹೋಲಿಸುತ್ತಾ ಕೂತಿದ್ದೀರಿ ಅನ್ನಿಸಿದರೆ ಆವತ್ತೇ ಬ್ರಷ್ ತೊಳೆದುಬಿಡಿ. ಹೋಲಿಕೆ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಬೆಳಕಿನಿಂದ ನೆರಳಿಗೆ ಇಳಿಯುವ ಆ ಬೂದು-ಹಸಿರು ನಿಮಗೆ ಬೇಕೆಂದಾಗ ಕಲಸಲು ಬಂದರೆ ಕೆಲಸ ಆಯಿತು. ಮಾರನೆಯ ವಾರವೇ ಅದೇ ಆರು ಬಣ್ಣ ಇಟ್ಟುಕೊಂಡು ಪಕ್ಕದ ಮನೆಯ ಅಜ್ಜಿಯನ್ನು ಕಿಟಕಿ ಹತ್ತಿರ ಕೂರಿಸಿ.

ಕೆಲಸ ಮಾಡುವಾಗ ಒಂದು ಸಣ್ಣ ವಿಷಯ. ಕ್ಯಾನ್ವಾಸ್ ಮತ್ತು ಪ್ರಿಂಟ್ ಎರಡರ ಮೇಲೂ ಒಂದೇ ಬೆಳಕು ಬೀಳಬೇಕು. ರಾತ್ರಿ ಹಳದಿ ಬಲ್ಬಿನಲ್ಲಿ ಮೈಬಣ್ಣ ಕಲಸಬೇಡಿ. ಬಿಳಿ ಎಲ್‌ಇಡಿ ಹಾಕುವುದಾದರೆ ಪೆಟ್ಟಿಗೆಯ ಮೇಲೆ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕಿಂತ ಜಾಸ್ತಿ ಅಂತ ಬರೆದಿರುವುದನ್ನು ಕೇಳಿ ತನ್ನಿ. ಫೋನಿನಲ್ಲಿ ನೋಡುವುದಾದರೆ ರಾತ್ರಿಯ ಹಳದಿ ಮೋಡ್ ಆಫ್ ಮಾಡಿ.

ಮತ್ತೆ ಮುಗಿದ ಮೇಲೆ ಕ್ಯಾನ್ವಾಸಿನ ಹಿಂದೆ ವೆಲಾಸ್ಕೆಸ್‌ನ ಚಿತ್ರದಿಂದ ಅಂತ, ನಿಮ್ಮ ಹೆಸರು, ಇಸವಿ ಬರೆಯಿರಿ. ಮುಂದುಗಡೆ ಸಹಿ ಬೇಡ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ನಕಲು ಮಾಡುವವರಿಗೆ ಮೂಲದ ಅಳತೆಗೇ ಮಾಡಲು ಬಿಡುವುದಿಲ್ಲ, ಯಾರೂ ಅಸಲಿ ಅಂತ ಮೋಸ ಹೋಗಬಾರದು ಅಂತ. ನೀವು ತಲೆ ಮಾತ್ರ ಮಾಡುತ್ತಿರುವುದರಿಂದ ಆ ತೊಂದರೆ ಇಲ್ಲ, ಆದರೂ ಹಿಂದೆ ಬರೆದಿಡುವುದು ಒಳ್ಳೆಯ ರೂಢಿ.

ಅಂಬರ್‌ನ ಮೊದಲ ಪದರ ಹಾಕಿದ ಕೂಡಲೇ, ಬಣ್ಣ ಶುರು ಮಾಡುವ ಮೊದಲು, ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಪ್ರಿಂಟೂ ಕಾಣಲಿ. ನೆರಳಿನ ಆಕಾರ ಸರಿ ಇದೆಯಾ ಅಂತ ನಾವು ನೋಡಿ ಹೇಳುತ್ತೇವೆ.